ಪಾಲಿಗೆ ಬಂದ ಅರ್ಧ ಪುಸ್ತಕ

ಜಗಳೂರು
೯ ಜುಲೈ ೧೯೩೭

ಷಣ್ಮುಖಣ್ಣನಿಗೆ ತಂಗಿ ಶಾಂತಾ ಮಾಡೋ ಶರಣು.

ದೊಡ್ಡಪ್ಪನ ಮಂಡಿನೋವು ಹೆಂಗೈತೆ? ಅತ್ತಿಗೆ, ಮಕ್ಕಳು ಆರಾಮಾ? ಇಲ್ಲಿ ಮಳೆ ಒಂದು ಬಿಟ್ಟು ಎಲ್ಲಾ ಐತೆ. ಮೃಗಶಿರ ಕೈಕೊಡ್ತು, ಆರಿದ್ರಾ ಬರೀ ಮೋಡ ತೋರಿಸಿ ಹೋಯ್ತು. ಹುಡುಗಿಯರು ಶಾಲೆಗೆ ಬರೋದು ಬಿಟ್ಟು ಅವ್ವಂದಿರ ಜೊತೆ ನೀರಿಗೆ ಹೋಗ್ತಾವೆ. ಖಾಲಿ ಬೆಂಚಿಗೆ ಎಷ್ಟು ಅಂತ ಪಾಠ ಹೇಳ್ಲಿ? ಅಪ್ಪನ ಪುಸ್ತಕ ತೆಗೆದು ಕೂರ್ತೀನಿ.

ಅಪ್ಪನ ಪುಸ್ತಕ ಅನ್ನೋಕೆ ನಗು ಬರ್ತದೆ, ಅರ್ಧ ಪುಸ್ತಕ ಅನ್ಬೇಕು. ಅಪ್ಪ ಸತ್ತ ಮೇಲೆ ಮನೆ ಪಾಲಾದ ದಿನ ನೆನಪೈತಾ? ದೊಡ್ಡಪ್ಪ ಹಂಡೆ, ಕೊಪ್ಪರಿಗೆ, ಒನಕೆ ಎಲ್ಲಾನೂ ಎರಡು ಸಾಲು ಮಾಡಿಟ್ಟ. ಆ ರಷ್ಯನ್ ಕಾದಂಬರಿ ಯಾವ ಸಾಲಿಗೆ ಅಂತ ಅವನಿಗೆ ತಿಳೀಲಿಲ್ಲ. ಅಪ್ಪಂದು ನಂಗೆ ಬೇಕು ಅಂತ ನಾನು ಅತ್ತೆ. ನೀನು ದೊಡ್ಡಪ್ಪನ ಮಗ, ಮನೆ ಗಂಡುಮಗ ನಾನು ಅಂತ ಹಟ ಹಿಡಿದೆ. "ಜಗಳ ಯಾಕ್ರೋ" ಅಂದೋನೇ ದೊಡ್ಡಪ್ಪ ಅಡಕೆ ಸುಲಿಯೋ ಮೆಟ್ಟುಗತ್ತಿ ತಗೊಂಡು ಪುಸ್ತಕಾನ ನಡುವಿಗೆ ಸೀಳಿಬಿಟ್ಟ! ಮುಂದಿಂದು ನಿನಗೆ, ಹಿಂದಿಂದು ನಂಗೆ. ಹೆಣ್ಣಿಗೆ ಪಾಲಿಲ್ಲದ ಮನೇಲಿ ನಂಗೆ ಬಂದಿದ್ದು ಅಷ್ಟೇ.

ಅಪ್ಪ ನಮ್ಮಿಬ್ಬರನ್ನೂ ಕೂರಿಸ್ಕೊಂಡು ಇಂಗ್ಲಿಷ್ ಕಲಿಸಿದ್ದು ಆ ಮುಂದಿನ ಅರ್ಧದಿಂದಲೇ. ರಟ್ಟು ಹರಿದು ಹೋಗಿತ್ತು, ಬರೆದೋರ ಹೆಸರೂ ನಮಗೆ ಗೊತ್ತಿಲ್ಲ. ಆ ದೇಶದಲ್ಲಿ ಮನೆಮನೇಲಿ ಓದೋ ದೊಡ್ಡ ಪುಸ್ತಕ ಅಂತ ಮಾತ್ರ ಅಪ್ಪ ಹೇಳ್ತಿದ್ದ. ಈಗ ನಾನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಹಿಂದಿನ ಅರ್ಧ ಓದಾಕೆ ಹತ್ತಿದೀನಿ, ದಿನಕ್ಕೆ ಒಂದು ಹಾಳೆ ಮುಗಿದ್ರೆ ಹೆಚ್ಚು.

ಅಣ್ಣ, ನಂಗೆ ಒಂದು ಹೊಳೆದೈತೆ. ಮುಂದಿನ ಅರ್ಧದಾಗೆ ಪಾರುಪತ್ಯಗಾರ ಆ ವಿಧವೆಯ ಕಾಡು ಕಡಿಸಿ ಮಾರ್ಕೊಂಡ ಅಲ್ವಾ? ಆಮೇಲೆ ನೋಡು. ಹಿಮ ಬಿದ್ದು ಅವನ ಕಣಜದ ಸೂರು ಮುರೀತದೆ. ಅಡ್ಡ ಮರ ಇಲ್ಲದ್ದಕ್ಕೆ ಗಾಳಿ ನೇರ ಅವನ ಮನೆಗೇ ನುಗ್ತದೆ. ಕಾಡು ಹೋದ ಮೇಲೆ ತೋಳ ಬಂದಿದ್ದು ಅವನ ಕೊಟ್ಟಿಗೆಗೇ. ಅಪ್ಪ ಇದನ್ನೆಲ್ಲಾ ಬರೀ ವರ್ಣನೆ ಅಂತ ಓದಿಸಿದ್ದ. ವರ್ಣನೆ ಅಲ್ಲ ಕಣೋ! ಆ ಪುಸ್ತಕದಾಗೆ ನೆಲಕ್ಕೆ ನೆನಪೈತೆ. ತನ್ನ ಕಡಿದೋನನ್ನ ಅದು ಒಂದೊಂದಾಗಿ ವಿಚಾರಿಸ್ಕೊಳ್ತದೆ. ಈಗ ಆ ಪಾರುಪತ್ಯಗಾರ ನದಿ ದಾಟಬೇಕು, ಹಿಮಗಡ್ಡೆ ಕರಗೋ ಕಾಲ. ನದಿ ಅವನನ್ನ ಬಿಡಲ್ಲ, ನೋಡ್ತಿರು.

ಒಂದು ಉಪಕಾರ ಮಾಡು. ನಿನ್ನ ಅರ್ಧಾನ ಸ್ವಲ್ಪ ದಿನಕ್ಕೆ ಕಳಿಸು. ಅಂಚಿನಲ್ಲಿ ಅಪ್ಪ ಪೆನ್ಸಿಲ್ಲಿನಲ್ಲಿ ಬರೆದಿದ್ದು ನೋಡಬೇಕು ಅನ್ನಿಸ್ತದೆ.

ನಿನ್ನ ತಂಗಿ
ಶಾಂತಾ

*

ಚನ್ನಗಿರಿ
೨ ಆಗಸ್ಟ್ ೧೯೩೭

ಚಿ. ಸೌ. ಶಾಂತಾಳಿಗೆ ಆಶೀರ್ವಾದಗಳು. (ಸೌ. ಎಂದು ಕೈ ರೂಢಿಯಿಂದ ಬರೆಯಿತು, ತಪ್ಪು ತಿಳಿಯಬೇಡ. ನಿನ್ನ ಗಂಡ ಹೋದದ್ದು ನಮಗಿನ್ನೂ ಮನಸ್ಸಿಗೆ ಹತ್ತಿಲ್ಲ.)

ನಿನ್ನ ಪತ್ರ ತಲುಪಿತು. ಹೆಣ್ಣುಮಗಳಾಗಿ ಇಷ್ಟು ಯೋಚಿಸಿದ್ದೀಯೆ, ಮೆಚ್ಚಬೇಕಾದ್ದೇ. ಹೆಡ್‌ಮಾಸ್ಟರಿಕೆಯ ಕೆಲಸದಲ್ಲಿ ನನಗೆ ಪುಸ್ತಕ ಮುಟ್ಟಲೂ ಪುರುಸೊತ್ತಿಲ್ಲ. ಇಲ್ಲಿ ಮಳೆ ನಿಲ್ಲುವ ಲಕ್ಷಣವೇ ಇಲ್ಲ. ಅಡಕೆಗೆ ಕೊಳೆ ಬಂದೀತೆಂದು ಅಪ್ಪನಿಗೆ ಚಿಂತೆ.

ನನ್ನ ಅರ್ಧವನ್ನು ಟಪಾಲಿಗೆ ಹಾಕಲು ಧೈರ್ಯ ಬರದು. ಕಳೆದರೆ ಚಿಕ್ಕಪ್ಪನ ಆತ್ಮಕ್ಕೆ ನೋವಾಗುತ್ತದೆ. ನೀನು ಮಾತ್ರ ಆ ಹಿಮ, ಗಾಳಿ, ನದಿಯ ವಿಷಯ ಇನ್ನಷ್ಟು ವಿವರವಾಗಿ ಬರೆ. ಓದಲು ನನಗೂ ಚೆಂದ, ನಿನಗೂ ಹೊತ್ತು ಹೋಗುತ್ತದೆ.

ಷಣ್ಮುಖಪ್ಪ

*

ಜಗಳೂರು
೧೪ ಮಾರ್ಚ್ ೧೯೩೮

ಪೂಜ್ಯ ಅಣ್ಣನವರಾದ ಷಣ್ಮುಖಪ್ಪನವರಿಗೆ ಶಾಂತಾದೇವಿಯ ಶರಣು ಶರಣಾರ್ಥಿ.

ನೀವು ಕೇಳಿದಂಗೆ ಚಳಿಗಾಲವೆಲ್ಲಾ ಬರೆದು ಬರೆದು ಕಳಿಸಿದೆ. ನಿಮ್ಮಿಂದ ಒಂದು ಸಾಲು ಉತ್ತರ ಬರಲಿಲ್ಲ. ಕೆಲಸ ಇರಬೇಕು ಅಂದ್ಕೊಂಡೆ. ಎಂಥಾ ಕೆಲಸ ಅಂತ ಹೋದ ಗುರುವಾರ ತಿಳೀತು.

ಇನ್ಸ್‌ಪೆಕ್ಟರ್ ಸಾಹೇಬರು ಶಾಲೆ ತನಿಖೆಗೆ ಬಂದಿದ್ರು. ನನ್ನ ಹಾಜರಿ ಪುಸ್ತಕ ನೋಡಿದ ಮೇಲೆ ಚೀಲದಿಂದ ಫೆಬ್ರವರಿಯ ಒಂದು ಮಾಸಪತ್ರಿಕೆ ತೆಗೆದರು. "ನೋಡಮ್ಮ, ಮೇಷ್ಟ್ರು ಅಂದ್ರೆ ಹಿಂಗಿರಬೇಕು. ಚನ್ನಗಿರಿಯೋರು. ರಷ್ಯನ್ ಕಾದಂಬರೀಲಿ ನಿಸರ್ಗ ಹೆಂಗೆ ಕೆಲಸ ಮಾಡ್ತದೆ ಅಂತ ಬರೆದವ್ರೆ. ನೀವೂ ಇದ್ದೀರಿ, ಬರೀ ಮಗ್ಗಿ ಹೇಳಿಸ್ಕೊಂಡು" ಅಂದ್ರು. ಅಂದು ಗಟ್ಟಿಯಾಗಿ ಓದಿದರು. 'ಆ ನೆಲಕ್ಕೆ ನೆನಪಿದೆ. ತನ್ನನ್ನು ಕಡಿದವನನ್ನು ಅದು ಒಂದೊಂದಾಗಿ ವಿಚಾರಿಸಿಕೊಳ್ಳುತ್ತದೆ.' ನಾನು ಕೈಕಟ್ಟಿ ನಿಂತು ಕೇಳಿದೆ. ಚೆನ್ನಾಗೈತೆ ಸಾರ್ ಅಂದೆ. ಆಯಾ ಅಂಜಿನಮ್ಮ ನನ್ನ ಮುಖ ನೋಡಿ, "ಯಾಕ್ರವ್ವ, ಜ್ವರ ಬಂದೈತಾ?" ಅಂತ ಕೇಳಿದಳು.

ಎಷ್ಟು ಸೊಗಸಾಗಿ ಬರೆದಿದ್ದೀರಿ ಅಣ್ಣ! ಎಲ್ಲೋ ಕೇಳಿದಂಗಿತ್ತು. ನನ್ನ ಕಾಗದದಾಗೆ ನಾನು ತಪ್ಪಿ ಬರೆದ ಒಂದು ಪದಾನೂ ನೀವು ತಿದ್ದದೆ ಹಂಗೇ ಉಳಿಸಿದ್ದೀರಿ. ಅಷ್ಟು ಗೌರವ ನನ್ನ ಮಾತಿಗೆ. ಹೆಸರೊಂದಕ್ಕೆ ಮಾತ್ರ ಜಾಗ ಸಾಲಲಿಲ್ಲ ಅಂತ ಕಾಣ್ತದೆ.

ಇಂತಿ ವಿಧೇಯಳು
ಶಾಂತಾದೇವಿ

*

ಚನ್ನಗಿರಿ
೨೭ ಮಾರ್ಚ್ ೧೯೩೮

ತಂಗಿ ಶಾಂತಾಳಿಗೆ ಆಶೀರ್ವಾದಗಳು.

ಇದೇನಿದು, 'ಪೂಜ್ಯ ಅಣ್ಣನವರು', 'ನೀವು' ಎಂದೆಲ್ಲ ಹೊಸ ಮರ್ಯಾದೆ? ಲೇಖನ ನಿನಗೆ ಅಷ್ಟು ಹಿಡಿಸಿತೆಂದು ತಿಳಿದು ಸಂತೋಷವಾಯಿತು.

ಹೆಸರಿನ ವಿಷಯ ಎತ್ತಿದ್ದೀಯೆ. ನಾನು ಯೋಚಿಸಲಿಲ್ಲವೆಂದುಕೊಂಡೆಯಾ? ಗಂಡ ಸತ್ತ ಹೆಣ್ಣುಮಗಳ ಹೆಸರು ಪತ್ರಿಕೆಯಲ್ಲಿ ಅಚ್ಚಾಗಿ, ಕಂಡಕಂಡವರ ಅಂಗಡಿಯಲ್ಲಿ ಬಾಳೆಹಣ್ಣು ಕಟ್ಟುವ ಕಾಗದವಾಗಿ ಹರಿದಾಡಿದರೆ ಚೆಂದವೇ? ಜನ ಏನೆಂದಾರು? ನಿನ್ನ ಮಾನ ಕಾಯುವುದು ಅಣ್ಣನಾದ ನನ್ನ ಕರ್ತವ್ಯ. ಅಲ್ಲದೆ ಮನೆಯ ಮಾತು ಮನೆಯ ಯಾರ ಬಾಯಲ್ಲಿ ಬಂದರೇನು?

ಒಂದು ಸಂತೋಷದ ಸಮಾಚಾರ. ಈ ಸಲದ ನಾಡಹಬ್ಬಕ್ಕೆ ಹೊನ್ನಾಳಿಯಲ್ಲಿ ಇದೇ ವಿಷಯದ ಮೇಲೆ ನನ್ನ ಭಾಷಣ. ಪತ್ರಿಕೆಯ ಸಂಪಾದಕರು ಖುದ್ದು ಬರುತ್ತಾರೆ, ಹಿಡಿಸಿದರೆ ಪುಸ್ತಕವನ್ನೇ ಅಚ್ಚು ಹಾಕಿಸುವರಂತೆ. ಅಧ್ಯಕ್ಷತೆ ನ್ಯಾಮತಿಯ ರೇವಣ್ಣನವರದು. ರಿಟೈರ್ಡ್ ಅಮಲ್ದಾರರು, ಮಹಾ ಓದಾಳಿ, ಆ ಕಾದಂಬರಿಯನ್ನು ಎರಡು ಸಲ ಓದಿದ್ದಾರಂತೆ. ಆದುದರಿಂದ ಹಿಂದಿನ ಅರ್ಧದ ನಿಸರ್ಗವೂ ನನ್ನ ಭಾಷಣದಲ್ಲಿ ಬರಲೇಬೇಕು. ಆ ಇರುವೆಯಂಥ ಅಕ್ಷರ ಓದಲು ನನ್ನ ಕಣ್ಣಿಗೆ ಆಗದು. ನೀನೇ ಓದಿ, ಮನಮುಟ್ಟುವ ಒಂದು ದೃಶ್ಯ ಆರಿಸಿ ಬರೆದು ಕಳಿಸು.

ಷಣ್ಮುಖಪ್ಪ

*

ಜಗಳೂರು
೧೦ ಏಪ್ರಿಲ್ ೧೯೩೮

ಪೂಜ್ಯ ಅಣ್ಣನವರಿಗೆ ಶರಣು.

ಬರೆದು ಕಳಿಸ್ತೀನಿ. ಆದರೆ ಒಂದು ಬೇಡಿಕೆ ಐತೆ. ಪತ್ರಿಕೇಲಿ ಅಚ್ಚು ಹಾಕೋದು ಬೇಡ, ಮಾನ ಹೋಗ್ತದೆ ಅಂದ್ರಿ, ಆಯ್ತು. ಹೊನ್ನಾಳಿ ಸಭೇಲಿ ಬಾಯಿಮಾತಿಗೆ ಒಂದೇ ಒಂದು ಸಲ, "ಇದರಾಗೆ ನನ್ನ ತಂಗಿ ಶಾಂತಾದೇವೀದೂ ಪಾಲೈತೆ" ಅನ್ನಿ. ಬಾಯಿಮಾತನ್ನ ಯಾರೂ ಬಾಳೆಹಣ್ಣಿಗೆ ಕಟ್ಟಲ್ಲ. ಅಷ್ಟು ಅಂತೀನಿ ಅಂತ ಬರೀರಿ, ಉಳಿದಿದ್ದನ್ನೆಲ್ಲಾ ಮರೀತೀನಿ. ಖರೆ ಹೇಳ್ತೀನಿ, ಮರೆತೇಬಿಡ್ತೀನಿ.

ಶಾಂತಾದೇವಿ

*

ಚನ್ನಗಿರಿ
೨೨ ಏಪ್ರಿಲ್ ೧೯೩೮

ಶಾಂತಾ,

ಸಣ್ಣ ಮಕ್ಕಳ ಹಾಗೆ ಹಟ ಮಾಡಬೇಡ. ದೊಡ್ಡವರ ಸಭೆಯಲ್ಲಿ ಹೆಂಗಸಿನಿಂದ ಕೇಳಿ ಬಂದೆನೆಂದರೆ ನನ್ನ ಭಾಷಣದ ತೂಕ ಏನಾಗಬೇಕು? ಅದು ಆಗದ ಮಾತು. ಅಪ್ಪನೂ ಕೇಳಿ ಬೇಜಾರು ಮಾಡಿಕೊಂಡರು. ಪಾಲಿನ ದಿನ ಅರ್ಧ ಪುಸ್ತಕ ಕೊಟ್ಟದ್ದೇ ತಪ್ಪಾಯಿತು ಅಂದರು.

ದೃಶ್ಯ ಬೇಗ ಬರಲಿ. ಕಂಠಪಾಠ ಮಾಡಬೇಕು.

ಷಣ್ಮುಖಪ್ಪ

*

ಜಗಳೂರು
೨೦ ಮೇ ೧೯೩೮

ಪೂಜ್ಯ ಅಣ್ಣನವರ ಪಾದಗಳಿಗೆ ಶರಣು.

ನನ್ನದು ತಪ್ಪಾಯ್ತು. ಹೆಸರಿನ ಆಸೆ ಬಿಟ್ಟೆ. ನಿಮ್ಮ ಭಾಷಣ ಹೊನ್ನಾಳಿ ಜನ ಹತ್ತು ವರ್ಷ ನೆನಸ್ಕೊಳ್ಳೋ ಹಂಗಾಗ್ಲಿ, ಅದೇ ನನ್ನ ಆಸೆ. ಹಿಂದಿನ ಅರ್ಧದಾಗೆ ಇದಕ್ಕಿಂತ ಒಳ್ಳೇ ದೃಶ್ಯ ಹುಡುಕಿದ್ರೂ ಸಿಗಲ್ಲ. ಕೇಳಿ.

ಆ ವರ್ಷ ರಷ್ಯಾದ ಆ ಹಳ್ಳಿಗೆ ಮಳೆ ಹಿಡೀಲಿಲ್ಲ. ಗೋಧಿ ಮೊಳಕೇಲೇ ಒಣಗ್ತಾ ಬಂತು. ಪಾದ್ರಿ ಪ್ರಾರ್ಥನೆ ಮಾಡಿ ಸೋತ. ಆಗ ಹಳ್ಳಿ ಹೆಂಗಸರು ಸೇರಿ, ಕರೀ ರೊಟ್ಟಿ ಸುಡೋ ಕಬ್ಬಿಣದ ತಟ್ಟೆ ತಗೊಂಡು ಅದನ್ನ ಬೋರಲು ಹಾಕಿದರು. ಅದರ ಮೇಲೆ ಸೆಗಣೀದೊಂದು ಗೊಂಬೆ ಮಾಡಿ, ಸುತ್ತ ಹಸಿರು ಹುಲ್ಲಿನ ಎಸಳು ಸಿಕ್ಕಿಸಿದರು. ಕಾಡು ಕಳ್ಕೊಂಡ ಆ ವಿಧವೆ ಅದನ್ನ ತಲೆ ಮೇಲೆ ಹೊತ್ತಳು. ಮನೆಮನೆ ಮುಂದೆ ನಿಂತಳು. ಮನೆಯೋರು ಕೊಡದಾಗೆ ಉಳಿದಿದ್ದ ಕೊನೇ ನೀರನ್ನ ಗೊಂಬೆ ಮೇಲೆ ಸುರಿದರು. ಆಕೆ ಗಿರ್ರನೆ ತಿರುಗಿದಳು, ನೀರು ನಾಲ್ಕೂ ದಿಕ್ಕಿಗೆ ಮಳೆ ಹಂಗೆ ಹಾರಿತು. ಮಕ್ಕಳು ಆ ಹನಿಗೆ ಬಾಯಿ ಒಡ್ಡಿದವು. ಮೊರಕ್ಕೆ ಹಿಟ್ಟು ಹಾಕಿಸ್ಕೊಂಡು ಮುಂದಿನ ಮನೆಗೆ ಹೋದಳು. ಕೊನೇ ಮನೆ ಪಾರುಪತ್ಯಗಾರಂದು. ಅವನು ಬಾಗಿಲು ತೆಗೀಲಿಲ್ಲ.

ಇದನ್ನ ನಿಧಾನಕ್ಕೆ, ಕೈ ತಿರುಗಿಸಿ ತೋರಿಸಿ ಹೇಳಿ. ಸಾಸ್ವೆಹಳ್ಳಿ ಕಡೆಯ ರೈತರೂ ಬರ್ತಾರಲ್ಲ, ಅವರಿಗೆ ಹೆಚ್ಚು ಹಿಡಿಸ್ತದೆ. ರಷ್ಯಾದೋರಿಗೆ ಬಿಟ್ಟು ಭೂಮಿ ಮೇಲೆ ಯಾರಿಗೂ ಇಂಥದ್ದು ಹೊಳೆಯಲ್ಲ ಅಂತ ಗಟ್ಟಿಯಾಗಿ ಅನ್ನೋದು ಮರೀಬೇಡಿ.

ನಿಮ್ಮ ಪಾದಧೂಳಿ
ಶಾಂತಾದೇವಿ

*

ಚನ್ನಗಿರಿ
೪ ಜೂನ್ ೧೯೩೮

ತಂಗಿಗೆ ಅನೇಕ ಆಶೀರ್ವಾದಗಳು.

ಅದ್ಭುತ! ಅದ್ಭುತ! ಓದಿ ನನ್ನ ಕಣ್ಣಲ್ಲಿ ನೀರು ಬಂತು. ಅಪ್ಪನಿಗೂ ಓದಿ ಹೇಳಿದೆ, "ಎಂಥೆಂಥಾ ಜನ ಇರ್ತಾರಪ್ಪ ಲೋಕದಾಗೆ" ಅಂದರು. ಇಲ್ಲಿ ಮುಂಗಾರು ಹಿಡಿದು ಕೂತಿದೆ, ಅಂಗಳಕ್ಕೆ ಇಳಿಯುವ ಹಾಗಿಲ್ಲ. ಬಾಗಿಲು ಹಾಕಿಕೊಂಡು ನಿಲುಗನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೇನೆ. ತಿರುಗುವುದನ್ನೂ ಮಾಡಿ ತೋರಿಸುವವನಿದ್ದೇನೆ. ಕೊನೆಗೂ ನಿನಗೆ ಬುದ್ಧಿ ಬಂದದ್ದು ನೋಡಿ ಸಮಾಧಾನ.

ಷಣ್ಮುಖಪ್ಪ

*

ಚನ್ನಗಿರಿ
೫ ಅಕ್ಟೋಬರ್ ೧೯೩೮

ಎಲೇ ಶಾಂತಿ,

ನಿನ್ನ ಮನೆ ಹಾಳಾಗ! ಒಡಹುಟ್ಟಿದೋಳ ಹಂಗಿದ್ದು ಹಿಂಗೆ ಮಾಡಾಕೆ ಮನಸ್ಸಾದ್ರೂ ಹೆಂಗೆ ಬಂತೇ ನಿನಗೆ?

ಹೊನ್ನಾಳೀಲಿ ಸಭೆ ತುಂಬಿತ್ತು. ಹಿಮ, ಗಾಳಿ, ತೋಳ ಹೇಳೋವರೆಗೂ ಸೂಜಿ ಬಿದ್ರೆ ಕೇಳೋ ಹಂಗೆ ಕೂತಿದ್ರು. ಸಂಪಾದಕರು ತಲೆದೂಗ್ತಿದ್ರು. ಆಮೇಲೆ ನಿನ್ನ ಆ ದರಿದ್ರ ತಟ್ಟೆ ಬಂತು. ಸೆಗಣಿ ಗೊಂಬೆ, ಹುಲ್ಲೆಸಳು ಅಂದೆ. ಹಿಂದೆ ಕೂತಿದ್ದ ರೈತರು ಒಬ್ಬರ ಮುಖ ಒಬ್ಬರು ನೋಡಿದ್ರು. ನಾನು ಹಿಡಿಸ್ತು ಅಂದ್ಕೊಂಡೆ. ರಷ್ಯಾದೋರಿಗೆ ಬಿಟ್ಟು ಭೂಮಿ ಮೇಲೆ ಯಾರಿಗೂ ಇದು ಹೊಳೆಯಲ್ಲ ಅಂದೆ. ಅಂದು, ತಲೆ ಮೇಲೆ ಕೈಯಿಟ್ಟು ವೇದಿಕೆ ಮೇಲೆ ತಿರುಗಿದೆ.

ಹೆಂಗಸರ ಕಡೆಯಿಂದ ಸಾಸ್ವೆಹಳ್ಳಿ ಉಚ್ಚಂಗೆಮ್ಮ ಅಂತ ಒಬ್ಬ ಮುದುಕಿ ಎದ್ದು ನಿಂತಳು. "ಎಲಾ ಇವ್ನ! ಅದು ನಮ್ಮ ಗುರ್ಜಿ ಕಣಪ್ಪಾ! ಮಳೆ ಹೋದಾಗೆಲ್ಲಾ ರೊಟ್ಟಿ ಹಂಚಿನ ಮೇಲಿಟ್ಟು ಗುರ್ಜಿ ಹೊರೋದು ನಾನೇಯಾ. ಅದ್ಯಾವಾಗ ರಷ್ಯಾಕೆ ಹೋತು? ನಂಗೊಂದು ಮಾತು ಹೇಳ್ಲಿಲ್ವಲ್ಲೋ!" ಅಂದಳು. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಒಬ್ಬ ಅಂತೂ, "ಮೇಷ್ಟ್ರೇ, ಇನ್ನೊಂದು ಸುತ್ತು ತಿರುಗ್ರೀ, ನೀರು ಹುಯ್ತೀವಿ" ಅಂದ.

ರೇವಣ್ಣನವರು ಮಾತ್ರ ನಗಲಿಲ್ಲ. "ಎರಡು ಸಲ ಓದಿದೀನಿ ಮೇಷ್ಟ್ರೇ, ಇದು ಯಾವ ಅಧ್ಯಾಯದಲ್ಲಿ ಬರ್ತದೆ?" ಅಂತ ಮೆತ್ತಗೆ ಕೇಳಿದರು. ಇದ್ದದ್ದು ಹೇಳಿಬಿಟ್ಟೆ. ಹಿಂದಿನ ಅರ್ಧ ನಾನು ಓದಿಲ್ಲ, ಇದನ್ನ ಬರೆದು ಕೊಟ್ಟೋಳು ಜಗಳೂರಿನ ಮೇಡಂ ಶಾಂತಾದೇವಿ, ತಪ್ಪೆಲ್ಲಾ ಅವಳದು ಅಂದೆ. ಅದಕ್ಕೂ ನಕ್ಕರು. ನನಗೆ ತಲೆ ಕೆಟ್ಟುಹೋಯ್ತು. ಇವತ್ತಿನ ಭಾಷಣ ಪೂರಾ ಅವಳದು, ಪತ್ರಿಕೇಲಿ ಬಂದದ್ದೂ ಅವಳದೇ ಅಕ್ಷರ, ಹೆಂಗಸಿನ ಮಾತು ನಂಬಿ ಕೆಟ್ಟೆ ಅಂತ ಮೇಜು ಗುದ್ದಿ ಕೂಗಿದೆ.

ಈಗ ಚನ್ನಗಿರಿ ಪ್ಯಾಟೇಲಿ ತಲೆ ಎತ್ತೋ ಹಂಗಿಲ್ಲ. ಸ್ಕೂಲಿನ ಗೋಡೆ ಮೇಲೆ ಯಾವನೋ ಇದ್ದಿಲಲ್ಲಿ 'ಗುರ್ಜಿ ಮೇಷ್ಟ್ರು' ಅಂತ ಬರೆದವ್ನೆ.

ಕೇಳಿಲ್ಲಿ. ಮನೆಗೆ ಬಂದೋನೇ ನನ್ನ ಅರ್ಧ ಪುಸ್ತಕ ತಗೊಂಡು ಬಚ್ಚಲ ಒಲೆಗೆ ಹಾಕಿದೆ. ನಿಮ್ಮಪ್ಪನ ಪೆನ್ಸಿಲ್ ಗೀಟು ಸಮೇತ ಉರೀತು. ಆ ಉರಿಗೆ ಕಾದ ನೀರಲ್ಲೇ ಸ್ನಾನ ಮಾಡಿದೆ. ಇನ್ನು ಮೇಲೆ ನಿನಗೂ ನಮಗೂ ಸಂಬಂಧ ಇಲ್ಲ.

ಷಣ್ಮುಖಪ್ಪ

*

ಜಗಳೂರು
೧೯ ಅಕ್ಟೋಬರ್ ೧೯೩೮

ಷಣ್ಮುಖ,

ನಿನ್ನ ಕಾಗದ ಬಂದ ದಿನ ನಾನು ಶಾಲೆಗೆ ಹೋಗಲಿಲ್ಲ. ಅತ್ತೆ. ಅತ್ತಿದ್ದನ್ನ ಮುಚ್ಚಿಟ್ಟು ನನಗೇನೂ ಆಗ್ಬೇಕಾಗಿಲ್ಲ. ಅಪ್ಪ ಅಂಚಿನಲ್ಲಿ ನನ್ನ ಹೆಸರು ಹಾಕಿ, 'ಶಾಂತಿಗೆ ಈ ಪದ ನಾಳೆ ಮತ್ತೆ ಕೇಳಬೇಕು' ಅಂತ ಬರೆದಿದ್ದ ಜಾಗ ಒಂದಿತ್ತು. ಅದನ್ನ ಇನ್ನೊಂದು ಸಲ ನೋಡಬೇಕು ಅಂತಲೇ ನಿನ್ನ ಹತ್ರ ಅಷ್ಟು ಅಂಗಲಾಚಿದ್ದು. ಸುಟ್ಟೆ. ಸರಿ. ಇಷ್ಟು ನೋಯಿಸ್ತೀಯ ಅಂತ ನಾನು ಲೆಕ್ಕ ಹಾಕಿರಲಿಲ್ಲ. ಇದನ್ನ ಸಾಯೋವರೆಗೂ ಕ್ಷಮಿಸಲ್ಲ ನಾನು, ತಿಳ್ಕೋ.

ಗುರ್ಜಿ ವಿಷಯ ಕೇಳು. ನಮ್ಮ ಆಯಾ, ಬಿಳಿಚೋಡಿನ ಅಂಜಿನಮ್ಮ, ಹೋದ ವರ್ಷ ಮಳೆ ಬಾರದಾಗ ಶಾಲೆ ಬಾಗಿಲಿಗೇ ಗುರ್ಜಿ ಹೊತ್ಕೊಂಡು ಬಂದಿದ್ದಳು. ಕುಡಿಯೋಕೆ ಇಟ್ಟಿದ್ದ ತಂಬಿಗೆ ನೀರು ನಾನೇ ಸುರಿದೆ. ನೀನು ಮಗ್ಗಿ ಕಲಿಯೋ ಹುಡುಗನಿಂದ ಹೆಡ್‌ಮಾಸ್ಟರ್ ಆಗೋವರೆಗೂ ಚನ್ನಗಿರಿ ಬಿಟ್ಟು ಆಚೆ ನಿಂತು ಮಳೆಗೆ ಕಾದೋನಲ್ಲ. ಮಳೆ ಸಾಕಪ್ಪ ನಿಲ್ಲು ಅನ್ನೋ ಮನೆಯೋರು ನೀವು. ನಿಸರ್ಗದ ಮೇಲೆ ಭಾಷಣ ಮಾಡೋನಿಗೆ ಪಕ್ಕದ ತಾಲ್ಲೂಕಿನ ಜನ ಮಳೇನ ಹೆಂಗೆ ಕರೀತಾರೆ ಅನ್ನೋದೇ ಗೊತ್ತಿಲ್ಲ ಅಂತ ನನಗೆ ಗೊತ್ತಿತ್ತು. ಅದನ್ನೇ ನಂಬಿ ಬಲೆ ಹಾಕಿದೆ. ಹೌದು, ಬೇಕಂತಲೇ ಮಾಡಿದೆ. ಏಪ್ರಿಲ್‌ನಾಗೆ ಒಂದು ಮಾತು ಒಪ್ಪಿದ್ರೆ ಮಾಡ್ತಿರಲಿಲ್ಲ.

ಜನ ನಗಲಿ ಅಂತ ಅಷ್ಟೇ ನನ್ನ ಆಸೆ. ಮಿಕ್ಕಿದ್ದನ್ನ ನೀನೇ ಕೈಯಾರೆ ಕೊಟ್ಟೆ. ನಾನು ಹೇಳಿದ್ದು ಸರಿ ಇದ್ದಾಗ ನಿನ್ನ ಬಾಯಿಗೆ ನನ್ನ ಹೆಸರು ಬರಲಿಲ್ಲ, ಮಾನ ಹೋಗ್ತಿತ್ತು. ತಪ್ಪು ಹೊರಿಸೋ ಹೊತ್ತಿಗೆ ಸಭೆ ನಡುವೆ, ಮೇಜು ಗುದ್ದಿ, ಊರ ಹೆಸರು ಸಮೇತ ಕೂಗಿದೆ. ಸಂಪಾದಕರು ಕಿವಿ ಮುಚ್ಕೊಂಡಿರಲಿಲ್ಲ. ನಿನ್ನ ಕಾಗದಕ್ಕಿಂತ ಎರಡು ದಿನ ಮುಂಚೆ ಅವರ ಕಾಗದ ಬಂತು. ಫೆಬ್ರವರಿ ಲೇಖನ ನಿಮ್ಮದೇ ಎಂದು ನಿಮ್ಮ ಅಣ್ಣನವರೇ ಬಹಿರಂಗವಾಗಿ ಹೇಳಿದ್ದಾರೆ, ಅದನ್ನು ತಿದ್ದುಪಡಿಯಾಗಿ ಅಚ್ಚು ಹಾಕುತ್ತೇವೆ, ಹಿಂದಿನ ಅರ್ಧದ ಬಗ್ಗೆ ನಿಮ್ಮ ಹೆಸರಿನಲ್ಲೇ ಬರೆದುಕೊಡಿ ಅಂತ ಕೇಳವ್ರೆ. ರೇವಣ್ಣನವರು ನ್ಯಾಮತಿಯಿಂದ ತಮ್ಮ ಇಡೀ ಪುಸ್ತಕಾನೇ ಕಳಿಸ್ಕೊಟ್ಟವ್ರೆ. ಬರೆದೋರ ಹೆಸರೂ ಈಗ ನಂಗೆ ಗೊತ್ತು. ನಿನಗೆ ಹೇಳಲ್ಲ.

ಇನ್ನೊಂದು ಐತೆ. ಶಿವರಾತ್ರಿ ಹೊತ್ತಿಗೇ ನಾನು ಕೊನೇ ಅಧ್ಯಾಯ ಓದಿ ಮುಗಿಸಿದ್ದೆ. ನಿನಗೆ ಬರೀಲಿಲ್ಲ. ಆ ಪಾರುಪತ್ಯಗಾರ ನದಿ ದಾಟ್ತಾನೆ. ಹಿಮಗಡ್ಡೆ ಕಾಲಡಿ ಲಟಲಟ ಅಂತದೆ, ವಿಧವೆ ಆಚೆ ದಡದಾಗೆ ನಿಂತು, ಮುಳುಗಲಿ ಮುಳುಗಲಿ ಅಂತ ಬೇಡ್ಕೊಳ್ತಾಳೆ. ಅವನು ಮುಳುಗಲ್ಲ. ಶಿಳ್ಳೆ ಹಾಕ್ಕೊಂಡು ದಾಟಿಬಿಡ್ತಾನೆ. ಸೂರು ಮುರಿದಿದ್ದು, ತೋಳ ಬಂದಿದ್ದು ಯಾವುದೂ ಅವನಿಗೆ ಅಂತ ಆಗಿದ್ದಲ್ಲ, ಸುಮ್ಮನೆ ಆಗಿದ್ದು. ನೆಲಕ್ಕೆ ನೆನಪೈತೆ ಅಂತ ನಾನು ಬರೆದಿದ್ದೇ ತಪ್ಪು. ಆ ತಪ್ಪನ್ನ ನೀನು ಕದ್ದು ನಿನ್ನ ಹೆಸರಿನಾಗೆ ಅಚ್ಚು ಹಾಕಿಸ್ಕೊಂಡೆ! ರೇವಣ್ಣನವರು ಆ ತಪ್ಪನ್ನೇ ಎತ್ತಿ ನಿನ್ನ ಪ್ರಶ್ನೆ ಮಾಡಬೇಕು ಅಂತಲೇ ಅವತ್ತು ಬಂದಿದ್ರಂತೆ. ಮುದುಕಿ ಮುಂಚೆ ಎದ್ದಳು.

ಅವನು ದಡ ಹತ್ತಿದಾಗ ಆ ವಿಧವೆ ಏನು ಮಾಡ್ತಾಳೆ ಗೊತ್ತಾ? ಮಳೆ, ಹಿಮ, ನದಿ ಯಾವುದನ್ನೂ ಮತ್ತೆ ಕೇಳ್ಕೊಳ್ಳಲ್ಲ. ಸೆರಗು ಕಟ್ಟಿ ತಾನೇ ಮುಂದೆ ಹೋಗ್ತಾಳೆ. ಮುಂದಿಂದು ತಿಳೀಬೇಕು ಅಂದ್ರೆ ನಾಕಾಣೆ ಕೊಟ್ಟು ಪತ್ರಿಕೆ ಕೊಂಡು ಓದು. ಯಾರು ಬರೆದಿದ್ದು ಅಂತ ಹುಡುಕೋದು ಬೇಡ, ಹೆಸರು ಮೇಲೇ ಇರ್ತದೆ.

ನಾಗರಾಜಪ್ಪನವರ ಮಗಳು
ಶಾಂತಾದೇವಿ